ಮೊಗುಲಪ್ಪನ ಸೊಟ್ಟ ಹುಟ್ಟು

ಗದ್ವಾಲದ ಮೊಗುಲಪ್ಪ ಮೂವತ್ತೆರಡು ವರ್ಷಗಳಿಂದ ಸೀರೆ ನೇಯುತ್ತಿದ್ದ. ಇಷ್ಟು ವರ್ಷಗಳಲ್ಲಿ ತನ್ನ ಮಗ್ಗದಿಂದ ಇಳಿದ ಒಂದೇ ಒಂದು ಸೀರೆಯ ಅಂಚೂ ಸೊಟ್ಟಗಾಗಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅವನು ಹೇಳಿಕೊಳ್ಳುತ್ತಿದ್ದ ಹಲವು ಮಾತುಗಳ ಪೈಕಿ ಓಣಿಯವರು ಮರುಮಾತಿಲ್ಲದೆ ಒಪ್ಪಿದ್ದು ಇದೊಂದನ್ನೇ. ಗೆರೆ ಎಂದರೆ ಅವನಿಗೆ ನೆಟ್ಟಗಿರಬೇಕು. ಮದುವೆಯ ಊಟಕ್ಕೆ ಹೋದರೆ ಮೊದಲು ಎಲೆಗಳ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಒಂದೆಲೆ ಮುಂದೆ ಬಂದಿದ್ದರೆ ಅದರ ಹಿಂದೆ ಕೂತ ಮನುಷ್ಯನನ್ನು ಎಬ್ಬಿಸಿ, ಎಲೆ ಸರಿಸಿ, ಮತ್ತೆ ಕೂಡಿಸಿ, ಆಮೇಲೆ ತಾನು ಅನ್ನಕ್ಕೆ ಕೈ ಹಾಕುತ್ತಿದ್ದ. ಎಬ್ಬಿಸಿಕೊಂಡವರಲ್ಲಿ ಒಮ್ಮೆ ಮದುಮಗನ ಅಪ್ಪನೂ ಇದ್ದ.

ಇಂಥ ಮೊಗುಲಪ್ಪ ಒಂದು ಗುರುವಾರ ಮಕ್ತಲ್‌ನ ಅಂಗಡಿಯೊಂದಕ್ಕೆ ಸೀರೆ ಮುಟ್ಟಿಸಲು ಹೋಗಿದ್ದಾಗ ಮಗಳು ಶಿರಿಷಾಳ ಫೋನು ಬಂತು.

ಶಿರಿಷಾ ಹದಿನೈದು ದಿನಗಳಿಂದ ಧರೂರಿನ ಆಚೆ, ಕೃಷ್ಣೆಗೆ ಕಟ್ಟಿದ ಜುರಾಲ ಅಣೆಕಟ್ಟಿನ ಹಿನ್ನೀರಿನ ದಂಡೆಯ ಮೇಲಿನ ತರಬೇತಿ ಶಿಬಿರದಲ್ಲಿದ್ದಳು. ಅವಳು ನಡೆಸುತ್ತಿದ್ದುದು ಕಯಾಕ್ ಎಂಬ ದೋಣಿ. ಒಬ್ಬರೇ ಕಾಲು ಚಾಚಿ ಕೂಡುವಂಥದ್ದು, ಹುಣಸೆಕಾಯಿಯ ಹಾಗೆ ಉದ್ದ, ಸಪೂರ. ಬರುವ ಭಾನುವಾರ ಅಲ್ಲಿ ಆಯ್ಕೆ ಪಂದ್ಯ. ಮೊದಲ ಮೂವರು ಹುಡುಗಿಯರು ಹೈದರಾಬಾದಿಗೆ, ರಾಜ್ಯದ ಪಂದ್ಯಕ್ಕೆ. ನಾಲ್ಕನೆಯವಳು ಮನೆಗೆ.

“ಅಪ್ಪಾ, ಅಲ್ಲೇ ಮಕ್ತಲ್ ಬಸ್ ಸ್ಟ್ಯಾಂಡಿನಾಗ ಒಂದು ಉದ್ದನ್ ಚೀಲ ಬಂದೈತಿ, ನಮ್ಮ ಮೇಡಂ ಹೆಸರಿಗೆ. ಒಳಗ ಎರಡು ಹುಟ್ಟು ಅದಾವ. ಎರಡೂ ನಡಿಸಿ ನೋಡಿ ಒಂದು ಇಟ್ಕೊಂಡು ಇನ್ನೊಂದು ವಾಪಸ್ ಕೊಡಬೇಕು. ಮೇಡಂ ಗೆಳತಿ ಹೈದರಾಬಾದಿನಿಂದ ಕಳಿಸ್ಯಾರ, ಭಾಳ ಜ್ವಾಕಿ. ಐತವಾರ ನೀವು ಬರೂವಾಗ ತಗೊಂಡು ಬರ್ರಿ. ಬಿಚ್ಚಬ್ಯಾಡ್ರಿ.”

ಕೊನೆಯ ಮಾತಿನ ಹೊತ್ತಿಗೆ ರಾಯಚೂರಿನ ಬಸ್ಸೊಂದು ಹಾರ್ನ್ ಹೊಡೆಯಿತು ಎಂದು ಮೊಗುಲಪ್ಪ ಆಮೇಲೆ ಆಣೆಯಿಟ್ಟು ಹೇಳಿದ.

ಚೀಲ ಏಳಡಿ ಉದ್ದವಿತ್ತು. ಗದ್ವಾಲದ ಬಸ್ಸಿನಲ್ಲಿ ಅದು ಎಲ್ಲೂ ಹಿಡಿಯಲಿಲ್ಲ. ಕೊನೆಗೆ ಹಿಂದಿನ ಉದ್ದ ಸೀಟಿನ ಕಾಲಬುಡದಲ್ಲಿ, ಈ ಕಿಟಕಿಯಿಂದ ಆ ಕಿಟಕಿಗೆ ಅಡ್ಡಡ್ಡ ಮಲಗಿಸಿದರು. ಯಾರೋ ಶೇಂಗಾದ ಎರಡು ಮೂಟೆ ತಂದು ಅದರ ಈ ತುದಿಗೊಂದು, ಆ ತುದಿಗೊಂದು ಇಟ್ಟರು. ಕೂಡಲು ಜಾಗವಿಲ್ಲದ್ದರಿಂದ, ಕಾವಲೂ ಆದೀತೆಂದು, ಮೊಗುಲಪ್ಪ ನಟ್ಟನಡುವೆ ಚೀಲದ ಮೇಲೆಯೇ ಕೂತ.

“ಏನ್ರೀ ಇದು, ಕರೆಂಟಿನ ಕಂಬಾನ?” ಎಂದು ಕಂಡಕ್ಟರ್ ಕೇಳಿದ.

“ಹುಟ್ಟು ರೀ. ನೀರಾಗ ದೋಣಿ ನಡಸೂ ಹುಟ್ಟು. ನಮ್ಮ ಹುಡುಗಿದು.” ಇಷ್ಟಕ್ಕೇ ಸುಮ್ಮನಾಗಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಆದರೆ ಹಿಂದಿನ ಸೀಟಿನ ಐದೂ ಮಂದಿ ತನ್ನ ಕಡೆ ತಿರುಗಿದ್ದನ್ನು ಅವನು ಕಂಡ. “ನಾನ ಆರಿಸಿ ತರಾಕತ್ತೀನಿ. ಲಾಳಿ ಓಡಿದ ದಾರಿ ಹಂಗ ನೆಟ್ಟಗದಾವ. ನೂರು ಹುಟ್ಟಿನಾಗ ಎರಡು ಸಿಗತಾವ ಇಂಥಾವು.”

ಮುದುಕನೊಬ್ಬ ಚೀಲಕ್ಕೆ ತಾಗಬಾರದೆಂದು ಎರಡೂ ಕಾಲು ಮೇಲೆತ್ತಿ ಮಡಚಿಕೊಂಡು, ಗದ್ವಾಲ ಬರುವವರೆಗೂ ಇಳಿಸಲಿಲ್ಲ. ಅದನ್ನು ನೋಡಿ ನೋಡಿ ಮೊಗುಲಪ್ಪನಿಗೂ ತಾನೇ ಆರಿಸಿದ್ದು ಹೌದೆನ್ನಿಸಿತು.

ಮನೆ ಸೇರಿದಾಗ ಪಕ್ಕದ ಮನೆಯ ಎಂಕಮ್ಮ ಕಟ್ಟೆಯ ಮೇಲಿದ್ದಳು. ಬಸ್ಸಿನಲ್ಲಿ ಹೇಳಿದ್ದನ್ನೇ ಅವಳಿಗೂ ಹೇಳಿದ. ಮುಚ್ಚಿದ ಪಾತ್ರೆ, ಅಂಟಿಸಿದ ಲಕೋಟೆ, ಗಂಟು ಹಾಕಿದ ಚೀಲ, ಇವನ್ನು ಕಂಡರೆ ಅವಳಿಗೆ ಜೀವ ತಡೆಯುತ್ತಿರಲಿಲ್ಲ. “ನೀ ಆರಿಸಿ ತಂದದ್ದು ಅಂತಿ, ತೋರಿಸಬಾರದೇನಣ್ಣಾ?” ಎಂದಳು. ಆರಿಸಿ ತಂದವನು ತೋರಿಸದೆ ಇರುವುದು ಹೇಗೆ?

ಮೊದಲು ಹೊರಬಂದ ಹುಟ್ಟನ್ನು ನೋಡಿ ಓಣಿಗೆ ಓಣಿಯೇ ತಲೆದೂಗಿತು. ಬೆಳ್ಳಗಿನ ಕೋಲು, ಎರಡೂ ತುದಿಗೆ ಮುತ್ತುಗದೆಲೆಯಷ್ಟು ಅಗಲದ ಹಲಗೆ. ಮೊಗುಲಪ್ಪ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ದೃಷ್ಟಿ ಹಾಯಿಸಿ, “ನೋಡ್ರಿ” ಎಂದ. ಎಲ್ಲರೂ ಒಂದೊಂದು ಕಣ್ಣು ಮುಚ್ಚಿ ನೋಡಿದರು. ನೆಟ್ಟಗಿತ್ತು.

ಎರಡನೆಯದು ಕರಿಯ ಕೋಲು. ಅದು ಹೊರಬರುತ್ತಿದ್ದಂತೆ ಯಾರೂ ಕಣ್ಣು ಮುಚ್ಚುವ ಅಗತ್ಯ ಬೀಳಲಿಲ್ಲ. ಕೈ ಹಿಡಿಯುವ ಜಾಗ ಎರಡೂ ಕಡೆ ಬಾಗಿ, ಹೊರಳಿ, ಮತ್ತೆ ಬಾಗಿ, ನೀರಿನಲ್ಲಿ ಈಜುವ ಹಾವಿನ ಹಾಗಿತ್ತು.

“ಅಯ್ಯ ಶಿವನ! ಇದೇನಣ್ಣಾ, ಹಿಂಗ ನುಲಕೊಂಡೈತಿ?” ಎಂದಳು ಎಂಕಮ್ಮ. “ಬಸ್ಸಿನಾಗ ಎಲ್ಲಿ ಇಟ್ಟಿದ್ದಿ?”

“ಸೀಟಿನ ಮುಂದ, ಅಡ್ಡ.”

“ಮ್ಯಾಲೇನಿತ್ತು?”

“ಈ ಕಡಿ ಒಂದು ಶೇಂಗಾ ಮೂಟಿ. ಆ ಕಡಿ ಒಂದು.”

“ನಡುವ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಉರುಕುಂದಮ್ಮ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, “ನಡುವ ಇವರು” ಎಂದಳು.

ಶುಕ್ರವಾರ ಬೆಳಿಗ್ಗೆ ಉರುಕುಂದಮ್ಮನ ಅಣ್ಣ ಬಾಲರಾಜ ಬಂದ. ನಲವತ್ತು ವರ್ಷ ಕೋರ್ಟಿನಲ್ಲಿ ಅಮೀನನಾಗಿ ಊರೂರಿನ ಮಂಚ, ತಂಬಿಗೆ, ಎಮ್ಮೆ ಜಪ್ತಿ ಮಾಡಿ ನಿವೃತ್ತನಾದವನು. ಕಾಗದ ಬರೆಯದೆ ಅವನಿಗೆ ಯಾವ ವಿಷಯವೂ ತಿಳಿಯುತ್ತಿರಲಿಲ್ಲ. ನೂಲು ತರಿಸಿ ಹುಟ್ಟನ್ನು ಅಳೆದು, ಚಾಪೆಯ ಮೇಲೆ ಕೂತು ಪಂಚನಾಮೆ ಬರೆದ. “ಸದರಿ ಹುಟ್ಟು ಎಡಕ್ಕೂ ಬಲಕ್ಕೂ ಸಮಸಮ ಡೊಂಕು. ಕೂದಲೆಳೆ ಫರಕಿಲ್ಲ” ಎಂದು ಜೋರಾಗಿ ಓದಿ, ಕನ್ನಡಕ ತೆಗೆದು ಒರೆಸಿದ. “ಬಾವಾ, ನಾನು ಎಷ್ಟೋ ನುಕ್ಸಾನು ನೋಡೀನಿ. ಇಷ್ಟು ನ್ಯಾಯವಾಗಿ ಆದ ನುಕ್ಸಾನು ನೋಡಿಲ್ಲ.”

“ಆ ಎರಡು ಮೂಟಿ ಒಂದ ತೂಕದ್ದು ಇರಬೇಕು” ಎಂದಳು ಎಂಕಮ್ಮ.

“ಮತ್ತ ನೀವು ಸರಿಯಾಗಿ ನಡುವಿಗೆ ಕೂತೀರಿ, ಬಾವಾ. ಅದು ನಿಮ್ಮ ಗುಣ” ಎಂದ ಬಾಲರಾಜ.

ಸತ್ಯ ಅಂಗಳದವರೆಗೆ ಬಂದು ನಿಂತಿತ್ತು. ಯಾರೂ ಒಳಗೆ ಕರೆಯಲಿಲ್ಲ.

ನೆಟ್ಟಗೆ ಮಾಡುವುದೆಂದು ತೀರ್ಮಾನವಾಯಿತು. ಹಾಸಿನ ನೂಲು ಬಿಗಿಮಾಡುವ ಮಗ್ಗದ ದಿಂಡಿಗೆ ಕರಿ ಹುಟ್ಟನ್ನು ಹಗ್ಗದಿಂದ ಕಟ್ಟಿ, ಡೊಂಕಿಗೆ ಎದುರಾಗಿ ಎರಡು ಒರಳುಗುಂಡುಗಳನ್ನು ತೂಗುಬಿಟ್ಟರು. ಒಂದು ಎಂಕಮ್ಮನದು. ಮಧ್ಯಾಹ್ನದ ಊಟದಿಂದ ಸಂಜೆಯ ಚಹಾದವರೆಗೆ ಎಲ್ಲರೂ ಸುತ್ತ ಕೂತು ಕಾದರು. ಹುಟ್ಟು ನಿಧಾನಕ್ಕೆ ಮಣಿಯಿತು. ನೆಟ್ಟಗಾಯಿತು ಎಂದೇ ಕಂಡಿತು. ಉರುಕುಂದಮ್ಮ ದೇವರಿಗೆ ಕೈಮುಗಿದಳು. ಮೊಗುಲಪ್ಪ ಹಗ್ಗ ಬಿಚ್ಚಿದ.

ಹುಟ್ಟು ಠಣ್ಣೆಂದು ಎದ್ದು, ಎರಡು ಸಲ ನಡುಗಿ, ಮೊದಲು ಹೇಗಿತ್ತೋ ಹಾಗೆ ನಿಂತಿತು. ಬಾಲರಾಜ ನೂಲು ಹಿಡಿದು ಅಳೆದ. ಕೂದಲೆಳೆ ಫರಕಿಲ್ಲ.

ಅದೇ ಹೊತ್ತಿಗೆ ಫೋನು ಬಂತು. “ಅಪ್ಪಾ, ಹುಟ್ಟು ಚಲೋ ಅದಾವಲ್ಲ?”

“ಅದಾವವ್ವ. ಒಂದು ನೆಟ್ಟಗ ಐತಿ.”

“ಮತ್ತ ಇನ್ನೊಂದು?”

“ಇನ್ನೊಂದೂ… ಐತಿ.”

ಶನಿವಾರ ಕಮ್ಮಾರ ಅಂಜಯ್ಯನನ್ನು ಕರೆಸಿದರು. ಗಾಡಿಯ ಅಚ್ಚಿನಿಂದ ಹಿಡಿದು ಟ್ರ್ಯಾಕ್ಟರಿನ ನೇಗಿಲಿನವರೆಗೆ ಸೊಟ್ಟಗಾದದ್ದಕ್ಕೆಲ್ಲ ಸುತ್ತಿಗೆಯ ಕೆಳಗೆ ಬುದ್ಧಿ ಕಲಿಸಿದ ಮನುಷ್ಯ. ಬಂದವನು ಹುಟ್ಟನ್ನು ಅಂಗೈ ಮೇಲಿಟ್ಟು ತೂಗಿದ. ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಉಗುರಿನಿಂದ ಕೆರೆದ. ಮೂಸಿ ನೋಡಿದ. ಆಮೇಲೆ ಮೊಣಕಾಲಿಗೆ ಕೊಟ್ಟು, ಕೊರಳ ನರ ಉಬ್ಬುವ ಹಾಗೆ ಎಳೆದು ಬಿಟ್ಟ. ಹುಟ್ಟು ಮರಳಿ ತನ್ನ ಡೊಂಕಿಗೆ ಬಂತು.

ಅಂಜಯ್ಯ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ. “ಇದು ಕಬ್ಬಿಣ ಅಲ್ಲ, ಕಟಿಗಿ ಅಲ್ಲ, ಪ್ಲಾಸ್ಟಿಕ್ ಅಂತೂ ಅಲ್ಲವೇ ಅಲ್ಲ. ಮೊಗುಲಪ್ಪಾ, ಇದರ ಮೈಗೆ ನಾ ಕೈ ಹಚ್ಚಂಗಿಲ್ಲ. ಇಷ್ಟು ಹಗೂರ ಇದ್ದು ಇಷ್ಟು ಹಟ ಇದ್ದದ್ದನ್ನ ನಾ ಕಂಡೇ ಇಲ್ಲ.” ಹೋಗುವ ಮುಂಚೆ ಚಪ್ಪಲಿ ಬಿಟ್ಟು ಹುಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದ.

ಆಗ ಬಾಲರಾಜನಿಗೆ ಒಂದು ಉಪಾಯ ಹೊಳೆಯಿತು. “ಬಾವಾ, ಸೊಟ್ಟಂದು ನೆಟ್ಟಗಾಗಂಗಿಲ್ಲ. ಆದ್ರ ನೆಟ್ಟಂದು ಸೊಟ್ಟ ಆಗಬಹುದಲ್ಲ? ಎರಡೂ ಒಂದ ನಮೂನಿ ಇದ್ರ, ಕಂಪನಿಯವರು ಹಂಗ ಮಾಡ್ಯಾರ ಅಂತಾರ. ನಮ್ಮ ಮ್ಯಾಲ ದಾವೆ ನಿಲ್ಲಂಗಿಲ್ಲ.”

ಮೊಗುಲಪ್ಪ ಬೆಳ್ಳಗಿನ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅಲ್ಯೂಮಿನಿಯಂ ಕೋಲು, ಎರಡೇಟಿಗೆ ಬಾಗುತ್ತಿತ್ತು. ಎದ್ದು, ಅದನ್ನು ಉರುಕುಂದಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ಮೂಲೆಗೆ ನಿಲ್ಲಿಸಿದ.

“ಆಗೂದಿಲ್ಲ ಬಾಲರಾಜಣ್ಣಾ. ಒಂದನ್ನ ನಾ ಕೆಡಿಸೀನಿ. ಇದನ್ನೂ ನನ್ನ ಕೈಲೆ ಕೆಡಸಲಾರೆ.”

“ಹಂಗಾದ್ರ ಮಾಫಿನಾಮಾ ಬರಿಯೂಣು” ಎಂದು ಬಾಲರಾಜ ಹೊಸ ಹಾಳೆ ತೆಗೆದ. ಅವನ ದನಿಯಲ್ಲಿ ದುಃಖಕ್ಕಿಂತ ಉತ್ಸಾಹವೇ ಹೆಚ್ಚಿತ್ತು.

ಭಾನುವಾರ ಧರೂರಿನ ಬಸ್ಸಿಳಿದು, ಗದ್ದೆಗಳ ಬದುವಿನ ಮೇಲೆ ನಾಲ್ವರೂ ಸಾಲಾಗಿ ನಡೆದರು. ಮುಂದೆ ಚೀಲ ಹೊತ್ತ ಮೊಗುಲಪ್ಪ, ಹಿಂದೆ ಕಾಗದ ಹಿಡಿದ ಬಾಲರಾಜ, ಅವನ ಹಿಂದೆ ರೊಟ್ಟಿಗಂಟಿನ ಉರುಕುಂದಮ್ಮ, ಕೊನೆಗೆ ಯಾರೂ ಕರೆಯದಿದ್ದರೂ ಬಂದ ಎಂಕಮ್ಮ. ಬದು ಮುಗಿದದ್ದೇ ಮೊಗುಲಪ್ಪ ನಿಂತುಬಿಟ್ಟ.

ಹುಟ್ಟಿದಂದಿನಿಂದ ಅವನು ಕೃಷ್ಣೆಯನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡವನು. ಸೇತುವೆ ಬಂತು, ನೀರು ಬಂತು, ಹೋಯಿತು. ಈಗ ಅದು ಎಲ್ಲಿಗೂ ಹೋಗದೆ ಅವನ ಕಾಲಬುಡದಿಂದ ಮುಗಿಲಿನ ಅಂಚಿನವರೆಗೆ ಹಾಸಿಕೊಂಡಿತ್ತು. ಗಾಳಿ ಬೀಸಿದಾಗ ಇಡೀ ನೀರು ಒಮ್ಮೆಗೆ ಬಣ್ಣ ಬದಲಿಸುತ್ತಿತ್ತು. ಅದರ ನಡುವೆ ಒಂದು ಕಡ್ಡಿಯಷ್ಟು ದೋಣಿ, ದೋಣಿಯಲ್ಲೊಂದು ಕೆಂಪು ಚುಕ್ಕೆ. ಚುಕ್ಕೆ ದಂಡೆಗೆ ಬಂದು ಎದ್ದು ನಿಂತಾಗ ಅದು ಶಿರಿಷಾ.

“ಅಪ್ಪಾ!”

ಮೊಗುಲಪ್ಪ ಮಗಳ ಮುಖ ನೋಡದೆ ಅವಳ ಹಿಂದೆ ಬಂದ ತರಬೇತುದಾರಳ ಮುಂದೆ ಚೀಲವಿಟ್ಟು ಕೈಕಟ್ಟಿ ನಿಂತ. ಸ್ರವಂತಿ ಮೇಡಂಗೆ ಮೂವತ್ತರ ಹತ್ತಿರ ವಯಸ್ಸು, ಕೊರಳಲ್ಲೊಂದು ಸೀಟಿ. ಅವಳು ಏನೆಂದು ಕೇಳುವ ಮೊದಲೇ ಬಾಲರಾಜ ಗಂಟಲು ಸರಿಮಾಡಿಕೊಂಡು ಓದತೊಡಗಿದ.

“ಗದ್ವಾಲ ಮೊಕ್ಕಾಮಿನ ನೇಕಾರ ಮೊಗುಲಪ್ಪನು ಬರೆದುಕೊಟ್ಟ ಮಾಫಿನಾಮಾ ಏನಂದರೆ, ಸದರಿ ಬಸ್ಸಿನಲ್ಲಿ, ಎರಡು ಶೇಂಗಾ ಮೂಟೆಗಳ ಸಮಕ್ಷಮ, ತನ್ನ ದೇಹದ ಸಂಪೂರ್ಣ ತೂಕವನ್ನು ನಡುಮಧ್ಯ ಇಟ್ಟು, ಪರರ ಹುಟ್ಟನ್ನು ಎರಡು ಕಡೆ ಸಮಸಮ ಸೊಟ್ಟ ಮಾಡಿದ್ದು ನಿಜ…”

ಶಿಬಿರದ ಹುಡುಗಿಯರೆಲ್ಲ ಸುತ್ತ ಸೇರಿದರು. ಸ್ರವಂತಿ ಚೀಲ ಬಿಚ್ಚಿ ಕರಿ ಹುಟ್ಟನ್ನು ತೆಗೆದಳು. ತಿರುಗಿಸಿ ನೋಡಿದಳು. ಮತ್ತೆ ಮೊಗುಲಪ್ಪನನ್ನು ನೋಡಿದಳು. “ಏನ್ ಸೊಟ್ಟ ಆಗೈತಿ ಕಾಕಾ?”

ಇವಳು ದೊಡ್ಡ ಮನಸ್ಸಿನವಳು, ಕಂಡೂ ಕಾಣದ ಹಾಗೆ ಮಾಡುತ್ತಿದ್ದಾಳೆ ಎಂದುಕೊಂಡ ಮೊಗುಲಪ್ಪನ ಕಣ್ಣಲ್ಲಿ ನೀರು ಬಂತು. “ನೆಟ್ಟಗ ಮಾಡಾಕ ನೋಡಿದ್ವಿ ಮೇಡಂ. ಮಗ್ಗಕ್ಕ ಕಟ್ಟಿದ್ವಿ. ಒರಳುಗುಂಡು ತೂಗಿದ್ವಿ. ಅಂಜಯ್ಯ ಸುದ್ದಾ ಸೋತು ಹೋದ.”

“ಒರಳುಗುಂಡು?” ಎಂದಳು ಸ್ರವಂತಿ.

“ಒಂದು ನಮ್ಮದ ರೀ” ಎಂದಳು ಎಂಕಮ್ಮ.

ಶಿರಿಷಾ ಮರಳ ಮೇಲೆ ಕುಸಿದು ಕೂತಿದ್ದಳು. ಅಳುತ್ತಿದ್ದಾಳೆಂದು ಉರುಕುಂದಮ್ಮ ಓಡಿದಳು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅಪ್ಪಾ! ಅದು ಹುಟ್ಟಿದ್ದ ಸೊಟ್ಟ! ಸೊಟ್ಟ ಇರಲಿ ಅಂತನ ಮಾಡ್ಯಾರ!”

ಬಾಲರಾಜ ಕಾಗದ ಕೆಳಗಿಳಿಸಿದ. ನಲವತ್ತು ವರ್ಷದ ನೌಕರಿಯಲ್ಲಿ ಬರೆದ ಪಂಚನಾಮೆಗಳಲ್ಲಿ ಇನ್ನೆಷ್ಟು ಹೀಗಿರಬಹುದೆಂಬ ಯೋಚನೆ ಅವನ ಮುಖದ ಮೇಲೆ ಹಾದು ಹೋಯಿತು. ಮೊಗುಲಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. ತಿಳಿದೂ ತಿಳಿದೂ ಒಂದು ಗೆರೆಯನ್ನು ಯಾರಾದರೂ ಸೊಟ್ಟ ಮಾಡುವುದುಂಟೆ?

“ಯಾಕ?” ಎಂದ.

ಸ್ರವಂತಿ ಅವನ ಬಲಗೈ ನೋಡಿದಳು. ಲಾಳಿಯ ಹಗ್ಗ ಎಳೆದೆಳೆದು ಮಣಿಕಟ್ಟು ಊದಿ, ಒಂದು ಕಡೆಗೆ ವಾಲಿ ನಿಂತಿತ್ತು. “ನಿಮ್ಮ ಮಗಳದೂ ಹಿಂಗ ಐತಿ ಕಾಕಾ. ಸಣ್ಣಾಕಿ ಇದ್ದಾಗಿಂದ ಮಗ್ಗ. ಅದಕ್ಕ ಈ ಹುಟ್ಟು ತರಿಸೀನಿ. ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ. ಬರ್ರಿ, ಕೂಡ್ರಿ.”

ಇಬ್ಬರು ಕೂಡುವ ಅಗಲದ ಕಯಾಕ್ ಒಂದಿತ್ತು. ಮೊಗುಲಪ್ಪನಿಗೆ ಕೇಸರಿ ಬಣ್ಣದ ತೇಲುಜಾಕೀಟು ತೊಡಿಸಿ, ನಾಲ್ಕು ಹುಡುಗಿಯರು ಹಿಡಿದು, ಧೋತ್ರ ಸಮೇತ ಮುಂದೆ ಕೂಡಿಸಿದರು. ಸ್ರವಂತಿ ಹಿಂದೆ ಕೂತಳು. ದೋಣಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ನೀರಿಗೆ ಜಾರಿತು. ಮೊಗುಲಪ್ಪ ತನಗೆ ಗೊತ್ತಿದ್ದ ದೇವರನ್ನೆಲ್ಲ ಕೂಗಿದ. ಗೊತ್ತಿದ್ದವರು ಮುಗಿದ ಮೇಲೆ ಸುಮ್ಮನಾದ.

ಮೊದಲು ಬೆಳ್ಳಗಿನ ನೆಟ್ಟ ಹುಟ್ಟು ಕೊಟ್ಟಳು. ಎಡಕ್ಕೊಮ್ಮೆ ಅದ್ದಿದ, ಬಲಕ್ಕೊಮ್ಮೆ ಅದ್ದಿದ. ಎಳೆದಾಗಲೆಲ್ಲ ಕೋಲು ನೆಟ್ಟಗಿತ್ತು, ಕೈ ಮಾತ್ರ ಮಣಿಕಟ್ಟಿನಲ್ಲಿ ತಿರುಚುತ್ತಿತ್ತು. ಹತ್ತನೆಯ ಎಳೆತಕ್ಕೆ ಹಳೆಯ ನೋವು ಮೊಣಕೈವರೆಗೆ ಏರಿತು. ಅದರಲ್ಲಿ ಹೊಸದೇನೂ ಅವನಿಗೆ ಕಾಣಲಿಲ್ಲ. ಕೆಲಸ ಎಂದ ಮೇಲೆ ಕೈ ನೋಯುತ್ತದೆ.

ಆಮೇಲೆ ಕರಿಯದು. ಹಿಡಿದ ಕೂಡಲೇ ಎರಡೂ ಅಂಗೈ ತಮ್ಮ ಪಾಡಿಗೆ ತಾವು ಎರಡು ಡೊಂಕಿನಲ್ಲಿ ಹೋಗಿ ಕೂತವು. ಎಳೆದ. ಕೋಲು ಸೊಟ್ಟಗಿತ್ತು, ಕೈ ನೆಟ್ಟಗಿತ್ತು. ಹತ್ತು ಎಳೆದು ನೋವಿಗಾಗಿ ಕಾದ. ಇಪ್ಪತ್ತು ಎಳೆದು ಕಾದ. ಬರಲಿಲ್ಲ. ದಂಡೆ ಹಿಂದೆ ಸರಿಯಿತು, ಎಂಕಮ್ಮ ಒಂದು ಗೊಂಬೆಯಷ್ಟಾದಳು, ಸುತ್ತಮುತ್ತ ನೀರಲ್ಲದೆ ಬೇರೇನೂ ಉಳಿಯಲಿಲ್ಲ. ಮೊಗುಲಪ್ಪ ಹುಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೋಡಿದ. ಅದರ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು.

“ಇದನ್ನ ಯಾರು ಮಾಡ್ಯಾರವ್ವ?”

“ಗೊತ್ತಿಲ್ಲ ಕಾಕಾ. ಯಾವುದೋ ದೇಶದಾಗ.”

“ಅವರು ಮಗ್ಗ ನೇಯ್ದಾರೇನು?”

“ಇರಲಿಕ್ಕಿಲ್ಲ.”

“ಮತ್ತ ನನ್ನ ಕೈ ಹಿಂಗ ಐತಿ ಅಂತ ಅವರಿಗೆ ಯಾರು ಹೇಳಿದ್ರು?”

ಸ್ರವಂತಿ ನಿಧಾನಕ್ಕೆ ದೋಣಿ ತಿರುಗಿಸಿದಳು.

ದಂಡೆಗೆ ಇಳಿದ ಮೊಗುಲಪ್ಪ ಬೇರೆ ಮನುಷ್ಯನಾಗಿದ್ದ. ಶಿರಿಷಾ ಎರಡೂ ಹುಟ್ಟು ಒಂದೊಂದು ಸುತ್ತು ನಡೆಸಿ ಬಂದು, ಬೆಳ್ಳಗಿನ ನೆಟ್ಟ ಹುಟ್ಟನ್ನು ಎತ್ತಿಕೊಂಡಾಗ ಅವನು ಅಡ್ಡ ಬಂದ. “ಅದು ಬ್ಯಾಡವ್ವ, ಸೊಟ್ಟಂದು ತಗೋ! ನೆಟ್ಟಗಿದ್ದದ್ದರಾಗ ಏನೈತಿ? ಬರೇ ನೋಡಾಕ ಚಂದ!”

ಎಂಕಮ್ಮ ಬಾಯಿಗೆ ಸೆರಗು ಹಚ್ಚಿಕೊಂಡಳು.

“ಅಪ್ಪಾ, ಸೊಟ್ಟಂದು ಕೈಗೆ ಬೆಣ್ಣಿ ಹಂಗ ಐತಿ, ಖರೆ. ಆದ್ರ ಅದು ಹೇಳಿದ ಜಾಗಾದಾಗ ಹಿಡೀಬೇಕು. ಇವತ್ತ ಗಾಳಿ ನೋಡ್ರಿ. ದೋಣಿ ಮುಖ ತಿರುಗಿದ್ರ ನನ್ನ ಕೈ ಕೋಲಿನ ಮ್ಯಾಲ ಜಾರಬೇಕು. ಇವತ್ತಿಗೆ ಇದ.”

“ಕೈ ನೋಯತೈತಿ!”

“ನೋಯಲಿ. ಹತ್ತು ನಿಮಿಷ.”

“ಮೇಡಂ, ನೀವರ ಹೇಳ್ರಿ!”

“ನೀರಿನಾಗ ಇರಾಕಿ ಅಕಿ ಕಾಕಾ. ಆರಿಸೂದೂ ಅಕಿನ” ಎಂದು ಸ್ರವಂತಿ ಸೀಟಿ ಬಾಯಿಗಿಟ್ಟಳು.

ಎಂಟು ದೋಣಿಗಳು ಹೊರಟವು. ದೂರದಲ್ಲಿ ತೇಲಿಬಿಟ್ಟ ಕಿತ್ತಳೆ ಡಬ್ಬಿಯೊಂದನ್ನು ಸುತ್ತಿ ಬರಬೇಕು. ಹೋಗುವಾಗ ಶಿರಿಷಾ ಆರನೆಯವಳು. ಡಬ್ಬಿಯ ಹತ್ತಿರ ಗಾಳಿ ಎದ್ದಿತು. ನೀರು ಒಮ್ಮೆಗೆ ಕಪ್ಪಾಯಿತು. ದೋಣಿಗಳು ಒಂದೊಂದಾಗಿ ಮುಖ ತಿರುಗಿಸಿ ಅಡ್ಡ ಬಿದ್ದವು. ಆಗ ಆ ಕೆಂಪು ಚುಕ್ಕೆ ಹುಟ್ಟಿನ ಮೇಲೆ ಎರಡೂ ಕೈಗಳನ್ನು ಒಂದೇ ತುದಿಗೆ ಜಾರಿಸಿ, ಉದ್ದಕ್ಕೆ ಹಿಡಿದು, ಮೂರು ಸಲ ಬಳಸಿ ಎಳೆಯಿತು. ದೋಣಿ ಮೂಗು ಎತ್ತಿ ಮನೆಯ ಕಡೆ ತಿರುಗಿತು.

ಮಗ್ಗದ ಪಕ್ಕ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದ ಹುಡುಗಿ ಇವಳೇ ಹೌದೋ ಅಲ್ಲವೋ ಎಂದು ನೋಡುತ್ತ, ಮೊಗುಲಪ್ಪ ಧೋತ್ರದ ಚುಂಗು ನೀರಲ್ಲಿ ನೆನೆಯುವುದೂ ತಿಳಿಯದೆ, ಮೊಣಕಾಲಿನವರೆಗೆ ನದಿಗೆ ಇಳಿದಿದ್ದ. ಶಿರಿಷಾ ಮೂರನೆಯವಳಾಗಿ ದಂಡೆ ಮುಟ್ಟಿದಳು. ಬಾಲರಾಜ ಗಡಿಯಾರ ನೋಡಿ, ಮಾಫಿನಾಮೆಯ ಹಿಂಬದಿಯಲ್ಲಿ ಹೊತ್ತು ಬರೆದು, ಕೇಳಿದವರಿಗೂ ಕೇಳದವರಿಗೂ ಓದಿ ಹೇಳಿದ.

ರೊಟ್ಟಿ ತಿಂದು ಎಲ್ಲರೂ ಹೊರಡುವ ಹೊತ್ತಿಗೆ ಉರುಕುಂದಮ್ಮ ಬಟ್ಟೆ ಕೊಡವಿ ಮಡಚಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಸ್ರವಂತಿಯ ಮುಂದೆ ಹೋಗಿ ನಿಂತಳು.

“ನನಗೂ ಒಮ್ಮಿ ಕೂಡಸ್ತೀಯೇನವ್ವ?”

ಮೊಗುಲಪ್ಪ ಗಾಬರಿಯಾದ. “ಏಯ್, ನಿನಗ ಯಾಕ? ಆಳ ಐತಿ!” ಅವನ ಮಾತು ಮುಗಿಯುವ ಮುಂಚೆ ಅವಳಿಗೆ ಜಾಕೀಟು ತೊಡಿಸಿಯಾಗಿತ್ತು. ದೋಣಿಯ ಮುಂದಿನ ಜಾಗದಲ್ಲಿ ಅವಳು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂಡುವಷ್ಟೇ ಸಲೀಸಾಗಿ ಕೂತಳು.

“ಯಾವುದು ಕೊಡಲಿ ಕಾಕಿ?” ಎಂದು ಸ್ರವಂತಿ ಕೇಳಿದಳು.

ದಂಡೆಯ ಮೇಲೆ ಮತ್ತೆ ಚರ್ಚೆ ಎದ್ದಿತು. ಮೊಗುಲಪ್ಪ ಸೊಟ್ಟದ್ದು ಎಂದ. ಶಿರಿಷಾ ಗಾಳಿ ಇದೆ, ನೆಟ್ಟದ್ದು ಎಂದಳು. ಬಾಲರಾಜ ಎರಡೂ ಪಕ್ಷ ಕೇಳಬೇಕೆಂದ. ಎಂಕಮ್ಮ ತನ್ನನ್ನೂ ಕೂಡಿಸುವುದಾದರೆ ಯಾವುದಾದರೂ ಆದೀತು ಎಂದಳು.

ಉರುಕುಂದಮ್ಮ ಹಿಂದೆ ತಿರುಗಿಯೂ ನೋಡಲಿಲ್ಲ. ಕೈಯೊಂದನ್ನು ಹಿಂದಕ್ಕೆ ಚಾಚಿದಳು.

“ಕೈಗೆ ಸಿಕ್ಕದ್ದು ಕೊಡವ್ವ. ಹೋಗಾಕಿ ನಾನು.”

ಕೊಟ್ಟರು. ಅವಳು ಹೋದಳು. ಕೊಟ್ಟದ್ದು ಯಾವುದೆಂದು ದಂಡೆಯ ಮೇಲಿದ್ದವರು ಯಾರೂ ನೋಡಲಿಲ್ಲ.